ಅಳಿಸಬೇಡಿ

ಅಮ್ಮ ಒಂದು ಹೊತ್ತು ಉಂಡು, ಕಸ ಗುಡಿಸಿ ನನ್ನನ್ನು ಓದಿಸಿದಳು. ಅವಳು ಗುಡಿಸುವ ಹಳ್ಳಿ ಶಾಲೆಗೇ ನಾನು ಟೀಚರ್ ಆಗಿ ಬಂದೆ. ಬೆಳಗ್ಗೆ ಹೊತ್ತು ಹಾಳಾಗದಿರಲೆಂದು ಸಂಜೆಯೇ ಬೋರ್ಡಿನ ತುಂಬ ಲೆಕ್ಕ ಬರೆದಿಟ್ಟು ಹೋಗುತ್ತೇನೆ. ಬೆಳಗ್ಗೆ ಬಂದರೆ ಬೋರ್ಡು ಖಾಲಿ. ಇಪ್ಪತ್ತು ವರ್ಷದ ರೂಢಿ, ಅಮ್ಮನ ಕೈ ನಿಲ್ಲುವುದಿಲ್ಲವಂತೆ. ಹೇಳಿ ಹೇಳಿ ಸಾಕಾಗಿ ನಿನ್ನೆ ಬೋರ್ಡಿನ ಮೇಲ್ಗಡೆ ದಪ್ಪಕ್ಷರದಲ್ಲಿ ‘ಅಳಿಸಬೇಡಿ’ ಎಂದು ಬರೆದೆ. ಇವತ್ತು ಅದೂ ಇಲ್ಲ.

“ಅಷ್ಟು ದೊಡ್ಡದಾಗಿ ಬರ್ದಿದ್ನಲ್ಲಮ್ಮ, ಕಾಣಲಿಲ್ವಾ?” ಎಂದು ರೇಗಿದೆ.

“ಕಾಣ್ತು ಕಣೇ. ದಪ್ಪಕ್ಕಿತ್ತು ಅಂತ ಅದನ್ನ ಎರಡು ಸಲ ಒರೆಸ್ದೆ,” ಎಂದಳು ಅಮ್ಮ.

ಊರ ಮಕ್ಕಳಿಗೆಲ್ಲ ಓದಲು ಕಲಿಸುವ ನನಗೆ, ಅಮ್ಮನಿಗೆ ಓದು ಬರುವುದಿಲ್ಲವೆಂದು ಆಗ ನೆನಪಾಯಿತು. ಅದಕ್ಕೂ ಸಿಟ್ಟು ಅವಳ ಮೇಲೇ ಬಂತು.