ಮೋಟರು ನಿಂತ ಹೊತ್ತು

ಹಳ್ಳಿಮೈಸೂರಿನ ಶಶಿಕುಮಾರನ ಬಲಗಾಲು ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಕುಣಿಯುತ್ತಿತ್ತು, ಬಸ್ಸಿನಲ್ಲಿ ಕೂತರೂ ಕುಣಿಯುತ್ತಿತ್ತು. "ಕಾಲು ಕುಣ್ಸಿದ್ರೆ ಮನೇಲಿ ಲಕ್ಷ್ಮಿ ನಿಲ್ಲಾಕಿಲ್ಲ ಕಣ್ಲಾ" ಎಂದು ಅವ್ವ ದೊಡ್ಡತಾಯಮ್ಮ ಬೈದು ಬೈದು ಸೋತಿದ್ದಳು. ಕಾಲಿನದೇನು ತಪ್ಪು? ಇಡೀ ಆಳೇ ಹಾಗಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಇವನು ಬಿಟ್ಟುಕೊಂಡದ್ದು ಗಿಟಾರು.

ಅದನ್ನು ಯಾರೂ ಅವನಿಗೆ ಕಲಿಸಲಿಲ್ಲ. ತೊಂಬತ್ತೊಂದರಲ್ಲಿ, ಹಾಸನದಲ್ಲಿ ಪಿಯುಸಿ ಓದುವಾಗ, ಯಾರೋ ಬಳಸಿ ಬಿಟ್ಟ ಗಿಟಾರನ್ನು ಹೊತ್ತು ತಂದ. ಯಾವ ತಂತಿಯನ್ನು ಎಷ್ಟು ಬಿಗಿಯಬೇಕೆಂದು ಹೇಳುವವರಿರಲಿಲ್ಲ. ಸಹಪಾಠಿ ಗಿರಿಧರ ಸಂಗೀತಗಾರರ ಊರಾದ ರುದ್ರಪಟ್ಟಣದವನು. ನಮ್ಮ ಮನೆಗಳಲ್ಲಿ ಒನಕೆ ಇರುವ ಹಾಗೆ ಅವರ ಮನೆಯಲ್ಲಿ ತಂಬೂರಿ. ಅಲ್ಲಿಗೆ ಹೋದವನು ತಂಬೂರಿಯ ಷಡ್ಜ ಪಂಚಮ ಕೇಳಿಕೊಂಡು ಆರೂ ತಂತಿಗಳನ್ನು ಅದಕ್ಕೇ ಬಿಗಿದುಬಿಟ್ಟ. ಲೋಕದ ಗಿಟಾರುಗಳೆಲ್ಲ ಒಂದು ದಾರಿ ಹಿಡಿದರೆ ಇವನದೇ ಒಂದು ದಾರಿಯಾಯಿತು.

ಮೊದಲು ಸೇರಿದ್ದು ಹೊಳೆನರಸೀಪುರದ ಆರ್ಕೆಸ್ಟ್ರಾ. ಅಲ್ಲಿ ಕ್ಯಾಸೆಟ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ನುಡಿಸಬೇಕು. ಇವನು ಎರಡು ಸಲ ನೆಟ್ಟಗೆ ನುಡಿಸಿ ಮೂರನೇ ಸಲಕ್ಕೆ ಎಲ್ಲೋ ಹೊರಟುಹೋಗುತ್ತಿದ್ದ. ಹಾಡುವವನು ಮೈಕು ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದ. ಅರಕಲಗೂಡಿನ ಒಂದು ಮದುವೆಯಲ್ಲಿ ಗಂಡಿನ ಸೋದರಮಾವನೇ ವೇದಿಕೆ ಹತ್ತಿ, "ಸಾ, ಆಡು ಎಲ್ಲೋಯ್ತು ಸಾ?" ಎಂದು ಕೇಳಿದ. ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಹಾಸನದ ಹುಡುಗರ ಬ್ಯಾಂಡು. ಗ್ಯಾರೇಜಿನ ಹಿಂದೆ ಒಂದು ಶೆಡ್ಡು, ಕೀಬೋರ್ಡಿಗೆ ಗಿರಿಧರ. ಹಾಡು ಗೊತ್ತುಮಾಡಿಕೊಳ್ಳದೆ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸುತ್ತಾ ಹೋಗುವುದು. ಅದಕ್ಕೆ ಜಾಮ್ ಎನ್ನುತ್ತಿದ್ದರು. ಶಶಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಆದರೆ ಕಿವಿಗೊಡುವುದೆಂದರೆ ನಡುನಡುವೆ ಸುಮ್ಮನಿರುವುದೂ ಹೌದಲ್ಲ? ಅದು ಇವನ ಜಾಯಮಾನಕ್ಕೇ ಬಂದದ್ದಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಲ್ಲಿಂದ ಬಿಟ್ಟು ಚನ್ನರಾಯಪಟ್ಟಣದ ಹೆದ್ದಾರಿ ಹೋಟೆಲೊಂದರಲ್ಲಿ ಮತ್ತೊಂದು ಗುಂಪು ಸೇರಿದ, ಅದನ್ನೂ ಬಿಟ್ಟ. ಎಲ್ಲರೂ ತಮ್ಮ ಶ್ರುತಿಗೆ ಬಾ ಎನ್ನುವವರೇ ಎಂದು ಅವನ ದೂರು. ತಾನೂ ಅದನ್ನೇ ಅನ್ನುತ್ತಿದ್ದೇನೆಂದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಊರಿಗೆ ಬಂದು ಅಪ್ಪನ ಜೊತೆ ಟೊಮೇಟೊ ಬೆಳೆಯುತ್ತಿದ್ದ. ಗಿರಿಧರ ಆಗ ಹಾಸನದಲ್ಲಿ ಭಕ್ತಿಗೀತೆಯ ಕ್ಯಾಸೆಟ್ಟು ಮಾಡುವ ಸ್ಟುಡಿಯೋ ಇಟ್ಟಿದ್ದ. ಒಬ್ಬನೇ ನಾಲ್ಕು ಸಲ ನುಡಿಸಿ ನಾಲ್ಕನ್ನೂ ಒಂದೇ ಕ್ಯಾಸೆಟ್ಟಿಗೆ ಸೇರಿಸುವ ಯಂತ್ರವೊಂದನ್ನು ಅವನು ಶಶಿಯ ಕೈಗಿಟ್ಟ. "ಶನಿವಾರ ಸಂಜೆಯೊಳಗೆ ತಂದುಬಿಡು. ಇಷ್ಟು ದಿನ ನಮ್ಮ ಜೊತೆ ಜಗಳ ಆಡಿದೆ, ಈಗ ನಿನ್ನ ಜೊತೆ ನೀನೇ ಆಡಿಕೋ" ಎಂದ.

ಶಶಿ ಅವ್ವನ ಮುಂದೆ ಶಪಥವನ್ನೇ ಮಾಡಿದ. ಈ ವಾರ ನನ್ನದೇ ಅನ್ನುವ ಒಂದು ಹಾಡು ಹಿಡಿಯದೆ ಹೋದರೆ ಗಿಟಾರು ಅಟ್ಟಕ್ಕೆ, ಇನ್ನು ಮುಟ್ಟುವುದಿಲ್ಲ. ಹಾಗೆ ಹೇಳುವಾಗ ಅವನಿಗೆ ನಿಜಕ್ಕೂ ಭಯವಾಗಿತ್ತು.

ಅಡ್ಡ ಬಂದದ್ದು ಮೋಟರು. ಮನೆಯ ಹಿಂದೆಯೇ ಬಾವಿ, ಬಾವಿಯ ದಡದಲ್ಲಿ ಬೇರಿಂಗು ಸವೆದ ಹಳೇ ಮೋಟರು. ತ್ರೀ ಫೇಸ್ ಕರೆಂಟು ಬಂದರೆ ಮಧ್ಯಾಹ್ನದ ತನಕ ಗುಂಯ್ ಎಂದು ಒಂದೇ ಸಮ ಕೂಗುವುದು. ಕರೆಂಟು ಇಳಿದ ಮೇಲೆ ಮನೆಯೇನೋ ಶಾಂತ, ಆದರೆ ಆ ಮಿಣುಕು ಕರೆಂಟಿನಲ್ಲಿ ಯಂತ್ರದ ಟೇಪು ಕುಂಟುವುದು. ಸೋಮವಾರದಿಂದ ದಿನವೂ ಅಪ್ಪ ಮಗನಿಗೆ ಇದೇ ಜಗಳ.

"ಒಂದತ್ತು ನಿಮ್ಸ ನಿಲ್ಸಪ್ಪಾ."

"ಗಿಡ ಒಣಗ್ತಾ ಅವೆ. ಕರೆಂಟೇನು ನಿಮ್ಮಪ್ಪನ ಮನೇದೇನ್ಲಾ?" ಎಂದು ಕೇಳಿದವನು ಅವನಪ್ಪ ರಂಗಸ್ವಾಮಿಯೇ. "ಬಾನುವಾರ ಮೆಕ್ಯಾನಿಕ್ ಚಲುವಯ್ಯ ಬತ್ತಾನೆ. ಬೇರಿಂಗ್ ಬದ್ಲಾಯಿಸ್ತಾನೆ. ಆಮೇಲೆ ನುಡ್ಸೋಗು."

ಭಾನುವಾರಕ್ಕೆ ಯಂತ್ರವೇ ಇರುವುದಿಲ್ಲ ಎಂದು ಈ ಮನುಷ್ಯನಿಗೆ ಹೇಗೆ ಹೇಳುವುದು? ಶಶಿ ಬಾಗಿಲಿಗೆ ಕಂಬಳಿ ಕಟ್ಟಿದ, ಕಿಟಕಿಗೆ ಹಾಸಿಗೆ ಒರಗಿಸಿದ. ಏನು ಮಾಡಿದರೂ ಟೇಪಿನಲ್ಲಿ ಗಿಟಾರಿಗಿಂತ ಮುಂದೆ ಮೋಟರು.

ಶುಕ್ರವಾರ ಬೆಳಿಗ್ಗೆ ರೋಸಿಹೋಗಿ ಗಿಟಾರನ್ನು ಮಂಚಕ್ಕೆ ಎಸೆದು ಕೂತ. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ ಬಲಗಾಲು ಅಲ್ಲಾಡುತ್ತಿಲ್ಲ. ಅವನಿಗೇ ಗಾಬರಿಯಾಯಿತು. ಹೀಗೆ ಕಾಲು ನಿಂತದ್ದು ಹಿಂದೆ ಒಮ್ಮೆ ಮಾತ್ರ, ರುದ್ರಪಟ್ಟಣದಲ್ಲಿ ತಂಬೂರಿಯ ಎದುರು. ಮೆಲ್ಲಗೆ ಗಿಟಾರನ್ನು ಎತ್ತಿಕೊಂಡು, ಕಿವಿಯನ್ನು ಹಿತ್ತಲ ಕಡೆಗಿಟ್ಟು, ತಂತಿಗಳನ್ನು ಒಂದೊಂದಾಗಿ ಮೋಟರಿನ ಗುಂಯ್‌ಗೆ ಇಳಿಸಿದ. ಕಂಬಳಿ ಬಿಚ್ಚಿದ, ಕಿಟಕಿ ತೆರೆದ, ಯಂತ್ರ ಒತ್ತಿದ. ಹತ್ತು ವರ್ಷ ಬೆರಳ ತುದಿಗೆ ಬಂದು ಬಂದು ವಾಪಸಾಗುತ್ತಿದ್ದ ಹಾಡು ನೆಟ್ಟಗೆ ನಡೆದು ಬಂತು. ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮೋಟರು ನಿಂತಿತು.

ಕರೆಂಟು ಹೋಯಿತೇ? ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು. ಶಶಿ ಹಿತ್ತಲಿಗೆ ಓಡಿದ. ರಂಗಸ್ವಾಮಿ ಸ್ಟಾರ್ಟರಿನ ಹತ್ತಿರ, ಮಗನ ಮುಖ ನೋಡದೆ ನಿಂತಿದ್ದ.

"ನಿಲ್ಸಿವ್ನಿ ಕಣ, ಓಗು. ಅಟ್ಟಕ್ಕೆ ಆಕ್ತೀನಿ ಅಂದಂತೆ, ನಿಮ್ಮವ್ವ ಅಂದ್ಲು. ಒಂದಿನ ನೀರಿಲ್ದಿದ್ರೆ ಗಿಡ ಸಾಯಾಕಿಲ್ಲ."

ಯಾವ ಬ್ಯಾಂಡಿನವನೂ ಶಶಿಗಾಗಿ ತನ್ನ ಸದ್ದು ನಿಲ್ಲಿಸಿರಲಿಲ್ಲ. ನಿಲ್ಲಿಸಿದವನು ಅಪ್ಪನೊಬ್ಬ, ಅದೂ ಈಗ!

"ಆಕಪ್ಪ ಸ್ವಿಚ್ಚು" ಎಂದ.

"ಯಾಕ್ಲಾ? ನುಡ್ಸಾಕಿಲ್ವಾ?"

"ನುಡ್ಸಾಕೇ ಕಣಪ್ಪಾ. ಅದೂ ಬೇಕು."

ರಂಗಸ್ವಾಮಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಸ್ವಿಚ್ಚು ಹಾಕಿದ. ಕರೆಂಟು ಹೋಗುವುದರೊಳಗೆ ಶಶಿ ಮೊದಲಿನಿಂದ ನುಡಿಸಿ ಹಾಡು ಮುಗಿಸಿದ.

ಶನಿವಾರ ಬೆಳಿಗ್ಗೆ, ಹಾಸನದ ಬಸ್ಸಿಗೆ ಹೊರಡುವ ಮುಂಚೆ, ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ ಕ್ಯಾಸೆಟ್ಟು ಹಾಕಿದ. ರಂಗಸ್ವಾಮಿ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದ. ಶಶಿ ಕಾಲು ಕುಣಿಸುತ್ತಾ ಕಾದ.

"ಇದು ನಮ್ಮ ಮೋಟ್ರು ಅಲ್ವೇನ್ಲಾ?"

"ಊಂ."

"ಬೇರಿಂಗ್ ಪೂರ್ತಿ ಓಗ್ಬುಟ್ಟದೆ. ಇದ್ರಲ್ಲಿ ಚೆಂದಾಗಿ ಕೇಳುಸ್ತದೆ." ರಂಗಸ್ವಾಮಿ ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಎರಡು ಹೆಜ್ಜೆ ಹೋದವನು ತಿರುಗಿದ. "ಅದ್ನ ಬದ್ಲಾಯಿಸಿದ್ರೆ ನಿನ್ ಶ್ರುತಿ ಕೆಡ್ತದಾ?"

ಶಶಿ ಹೌದೆಂದು ತಲೆಯಾಡಿಸಿದ.

"ಅಂಗಾರೆ ಚಲುವಯ್ಯಂಗೆ ಬರ್ಬ್ಯಾಡ ಅಂತೀನಿ. ಈ ಟೊಮೇಟೊ ಮುಗಿಯೋಗಂಟ ಅದು ಅಂಗೇ ಕೂಗ್ಲಿ ಬಿಡು."