ಹ್ಞೂಂಗುಟ್ಟುವ ಗೀಟು

ಚಪ್ಪಲಿ ಕಳಚಿದ ಮೇಲೆಯೇ ಪಂಕಜಾಕ್ಷಿಗೆ ಹೊಳೆದದ್ದು, ಇದು ಜ್ಯೂಸಿನ ಅಂಗಡಿ ಎಂದು.

ತಿರುಗಿ ಹಾಕಿಕೊಳ್ಳೋಣವೆಂದರೆ ಹೊತ್ತು ಮೀರಿತ್ತು. ಹಿಂದೆ ಬರುತ್ತಿದ್ದ ರಬ್ಬರ್ ವ್ಯಾಪಾರಿಯೊಬ್ಬ ಆಗಲೇ ಬಗ್ಗಿ ಶೂಸಿನ ಲೇಸು ಬಿಚ್ಚುತ್ತಿದ್ದ. ಅವನ ಹೆಂಡತಿ ಗೋಡೆ ಹಿಡಿದು ಒಂದೊಂದಾಗಿ ಹೀಲ್ಸ್ ಕಳಚಿದಳು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಯೇ ಬರಿಗಾಲಲ್ಲಿ ಒಳಗೆ ಹೋದರೆ ಉಳಿದವರು ಕಾರಣ ಕೇಳುತ್ತಾರೆಯೇ? ನೋಡನೋಡುತ್ತಿದ್ದಂತೆ ಕಡಬದ ಆ ಹೊಸ ಕಟ್ಟಡದ ಮೆಟ್ಟಿಲು ಚಪ್ಪಲಿಗಳಿಂದ ತುಂಬಿಹೋಯಿತು.

"ಎಂತ ಮಿಸ್, ಚಪ್ಪಲಿ ಯಾಕೆ ತೆಗ್ದದ್ದು? ನಮ್ಮ ಅಂಗಡಿಯನ್ನು ಮಸೀದಿ ಮಾಡಿಬಿಟ್ರಲ್ಲ ಮಾರಾಯ್ರೆ!"

ಅಂಗಡಿಯ ಯಜಮಾನ ಹಾರಿಸ್ ನಗುತ್ತಿದ್ದ. ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿ. ದುಬೈಗೆ ಗುಂಗುರು ಕೂದಲು ಹೊತ್ತುಕೊಂಡು ಹೋದವನು ಬೋಳುತಲೆ ಹೊತ್ತುಕೊಂಡು ಬಂದಿದ್ದ. ತಲೆಯ ಮೇಲೆ ಹಸಿರು ಅಕ್ಷರದ ಬೋರ್ಡು: ಡಾಸ್ ಜ್ಯೂಸ್ ಕಾರ್ನರ್.

"ಅಭ್ಯಾಸ," ಎಂದಳು ಪಂಕಜಾಕ್ಷಿ. ಅಷ್ಟು ಸಾಕೆನಿಸಿತು.

ತೊಂಬತ್ತರ ದಶಕದಲ್ಲಿ, ಇದೇ ರಸ್ತೆಯ ಬಟ್ಟೆಯಂಗಡಿಯೊಂದರ ಮಹಡಿಯಲ್ಲಿ ಅವಳು ಕಂಪ್ಯೂಟರ್ ಕಲಿಸುತ್ತಿದ್ದಳು. ಚಪ್ಪಲಿಯ ಧೂಳಿನೊಂದಿಗೆ ವೈರಸ್ ಒಳಗೆ ಬರುತ್ತದೆಂದು ತರಬೇತಿಯಲ್ಲಿ ಅವಳಿಗೆ ಯಾರೋ ಹೇಳಿದ್ದರು. ಅವಳು ಮಕ್ಕಳಿಗೆ ಹೇಳಿದಳು. ಮಕ್ಕಳು ನಂಬಿದರು. ನಂಬಿಕೊಂಡು ಚಾಪೆಯ ಮೇಲೆ ಕೂತ ಅಷ್ಟೊಂದು ಬರಿಗಾಲುಗಳ ಎದುರು ನಿಲ್ಲುವ ಸುಖ ಆಮೇಲೆ ಅವಳಿಗೆ ಪುತ್ತೂರಿನ ಗಂಡನ ಮನೆಯಲ್ಲಾಗಲಿ, ಗಂಡನಿಲ್ಲದ ಮನೆಯಲ್ಲಾಗಲಿ ಸಿಗಲಿಲ್ಲ.

ಡಾಸ್ ಎಂಬ ಹಳೆಯ ಪದ್ಧತಿಯಲ್ಲಿ ನಡೆಯುತ್ತಿದ್ದ ಆ ಯಂತ್ರದಲ್ಲಿ ಚಿತ್ರಗಳಿರಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಒಂದು ಸಿ, ಎರಡು ಚುಕ್ಕೆ, ಹಿಂದಕ್ಕೆ ವಾಲಿದ ಒಂದು ಗೀಟು, ಬಾಣದ ಮೊನೆ. ಅದರ ಮುಂದೆ ಮಿಣುಕುವ ಪುಟ್ಟ ಹಸಿರು ಗೀಟು.

"ಅದು ಹ್ಞೂಂ ಹೇಳ್ತಾ ಉಂಟು," ಎಂದು ಅವಳು ವಿವರಿಸುತ್ತಿದ್ದಳು. "ಅಜ್ಜಿ ಕಥೆ ಹೇಳುವಾಗ ನೀವು ಹ್ಞೂಂ ಹೇಳುದಿಲ್ವಾ? ಹಾಗೆ. ಮುಂದೆ ಎಂತ ಅಂತ ನೀವು ಹೇಳ್ಬೇಕು."

ಅವಳ ಅಜ್ಜಿ ಮಾತ್ರ ಬರೀ ಹ್ಞೂಂಗೆ ಮರುಳಾಗುವವಳಲ್ಲ. ಮಗು ನಿದ್ದೆಯಲ್ಲಿ ಹ್ಞೂಂಗುಟ್ಟುತ್ತಿದೆಯೆಂಬ ಅನುಮಾನ ಬಂದರೆ ಕಥೆಯ ರಾಜಕುಮಾರನಿಗೆ ಥಟ್ಟನೆ ಎರಡು ಕೋಡು ಮೂಡಿಸುತ್ತಿದ್ದಳು. ಆಗಲೂ ಹ್ಞೂಂ ಬಂದರೆ ದೀಪ ಆರಿಸಿ ಎದ್ದುಹೋಗುತ್ತಿದ್ದಳು. ರಾಜಕುಮಾರ ಕೋಡು ಹೊತ್ತು ಕತ್ತಲೆಯಲ್ಲೇ ಉಳಿಯುತ್ತಿದ್ದ.

ಬೆಳಿಗ್ಗೆ ಬರುವಾಗ ಕಾರಿನಲ್ಲಿ ಅಂಗಡಿಯ ದಾರಿ ಹುಡುಕಲು ಅವಳು ಫೋನು ತೆಗೆದಿದ್ದಳು. ಮಗ ಭವಿತ್ ಒಂದು ಕೈಯನ್ನು ಸ್ಟೇರಿಂಗಿನಲ್ಲಿಟ್ಟು ಇನ್ನೊಂದರಿಂದ ಅದನ್ನು ಕಸಿದುಕೊಂಡ. "ಕೊಡಮ್ಮ. ನಿಂಗೆ ಗೊತ್ತಾಗುದಿಲ್ಲ." ದಿನಕ್ಕೆ ಹಲವು ಸಲ ಅವನು ಹೇಳುವ ಮಾತು. ಸಿಟ್ಟಿನಿಂದಲ್ಲ, ಸೊಳ್ಳೆ ಓಡಿಸುವಷ್ಟು ಸಲೀಸಾಗಿ. ಆಗ ಅವಳು ಕಿಟಕಿಯ ಕಡೆ ತಿರುಗಿ ನಿರ್ಧರಿಸಿದ್ದಳು: ಇವತ್ತು ಒಂದೇ ಒಂದು ಸಲ, ಇವನ ಕಣ್ಣೆದುರು, ಹಾರಿಸ್ ಅಂಗಡಿಯಲ್ಲಿಟ್ಟಿದ್ದೇನೆಂದ ನಮ್ಮ ಕ್ಲಾಸಿನ ಆ ಹಳೆ ಯಂತ್ರ ನನ್ನ ಮಾತು ಕೇಳಬೇಕು. ಮತ್ತೇನೂ ಬೇಡ.

ರಿಬ್ಬನ್ ಕತ್ತರಿಸಿದ್ದಾಯಿತು. ಕೌಂಟರಿನ ಮೇಲೆ, ಅನಾನಸು ಹಣ್ಣುಗಳ ನಡುವೆ, ಯಂತ್ರ ಕೂತಿತ್ತು. ಅದೇ ಯಂತ್ರ. ಆಯುಧಪೂಜೆಯಲ್ಲಿ ಅವಳೇ ಹಚ್ಚಿದ ಕುಂಕುಮದ ಕಲೆ ಫ್ಲಾಪಿ ತೂರಿಸುವ ಬಾಯಿಯ ಮೇಲೆ ಇನ್ನೂ ಇತ್ತು. ಪರದೆಯಲ್ಲಿ ಹಸಿರು ಗೀಟು ಮಿಣುಕುತ್ತಿತ್ತು. ಪಂಕಜಾಕ್ಷಿ ಆ ಕಲೆಯ ಮೇಲೆ ಬೆರಳಾಡಿಸಿದಳು.

"ಇದರಲ್ಲಿ ಧಾರಾವಾಹಿ ಬರುದಿಲ್ವಾ?" ಹಾರಿಸ್‌ನ ತಾಯಿ ಸಾರಮ್ಮ ಕುರ್ಚಿಯಿಂದ ಕೇಳಿದರು.

"ಉಮ್ಮ, ಸುಮ್ಮನೆ ಕೂತ್ಕೊಳ್ಳಿ. ಮಿಸ್, ಎಂತಾದ್ರೂ ಒತ್ತಿ."

ಭವಿತ್ ಫೋನು ಎತ್ತಿ ವಿಡಿಯೊ ತೆಗೆಯಲು ನಿಂತ. ಅವಳು ಕೂತಳು. ಇವತ್ತಿನ ತಾರೀಕು ಕೇಳೋಣವೆಂದುಕೊಂಡಳು. ಸುಲಭದ್ದು, ತಪ್ಪುವಂಥದ್ದಲ್ಲ. ಡಿ, ಎ, ಟಿ, ಇ. ಎಂಟರ್.

ಏನೂ ಆಗಲಿಲ್ಲ. ಗೀಟು ಮಿಣುಕಿತು. ಯಾರೋ ಕೆಮ್ಮಿದರು. ಬೆರಳುಗಳೇ ಮರೆತವೋ? ಭವಿತ್‌ನ ಕೈ ನಿಧಾನವಾಗಿ ಮುಂದೆ ಬರುತ್ತಿರುವಂತೆ ಅನಿಸಿತು: ಕೊಡಮ್ಮ.

ಅಷ್ಟರಲ್ಲಿ ಪರದೆಯಲ್ಲಿ ಅಕ್ಷರಗಳು ಮೂಡಿದವು. ಡಿ, ಐ, ಆರ್. ಅದರ ಕೆಳಗೆ ಕಡತಗಳ ಹೆಸರು ಜಲಪಾತದಂತೆ ಸುರಿದವು. ಚಪ್ಪಾಳೆ ಬಿತ್ತು.

"ಅಮ್ಮಾ! ಸೂಪರ್!"

ಅವಳು ಒತ್ತಿದ್ದು ನಾಲ್ಕು ಅಕ್ಷರ, ಬಂದದ್ದು ಮೂರು. ಅವಳು ಕೇಳಿದ್ದು ತಾರೀಕು. ಅದು ಹೇಳಿದ್ದು ತನ್ನ ಹೊಟ್ಟೆಯಲ್ಲಿ ಏನೇನಿದೆ ಎಂದು. ಆ ಅಂಗಡಿಯಲ್ಲಿ ಇದು ಗೊತ್ತಾದದ್ದು ಒಬ್ಬಳಿಗೇ. ಅವಳ ವಿದ್ಯೆ ಕೊನೆಗೆ ಇಷ್ಟಕ್ಕೆ ಉಪಯೋಗಕ್ಕೆ ಬಂತು.

ಪರದೆ ಖಾಲಿಯಾಗಿ ಗೀಟು ಮತ್ತೆ ಮಿಣುಕಿತು. ಅವಳು ಸುತ್ತ ನೋಡಿ, ಇಂಗ್ಲಿಷಿನ ಅಕ್ಷರಗಳಲ್ಲಿ ಮೆಲ್ಲಗೆ ಒತ್ತಿದಳು: ರಾಜಕುಮಾರನಿಗೆ ಕೋಡು ಬಂತು. ಎಂಟರ್.

ಡಿ, ಐ, ಆರ್. ಜಲಪಾತ. ಚಪ್ಪಾಳೆ.

ಹಾರಿಸ್ ಕಲ್ಲಂಗಡಿ ಜ್ಯೂಸ್ ಇಡುವ ನೆಪದಲ್ಲಿ ಬಗ್ಗಿದ. "ಮಿಸ್, ಬೇಜಾರು ಮಾಡ್ಬೇಡಿ. ಅದರ ಒಳಗೆ ಎಂತ ಇಲ್ಲ. ಕುಂಬಾರಹುಳ ಮಣ್ಣಿನ ಗೂಡು ಕಟ್ಟಿತ್ತು. ಒಂದು ಟ್ಯಾಬ್ ಇಟ್ಟು ಒಂದೇ ವಿಡಿಯೊ ತಿರುಗಿ ತಿರುಗಿ ಬರುವ ಹಾಗೆ ಬಿಟ್ಟದ್ದು ನಾನು. ಬಂದವರಿಗೆ ಸೆಲ್ಫಿಗೆ."

"ಮೊದಲೇ ಹೇಳುದಲ್ವಾ?"

"ನಿಮಗೆ ನೋಡಿದ ಕೂಡ್ಲೆ ಗೊತ್ತಾಗ್ತದೆ ಅಂತ ಎಣಿಸಿದ್ದೆ. ನೀವು ಮಿಸ್ ಅಲ್ವಾ!"

ಕೀಬೋರ್ಡಿನ ವೈರು ಕೌಂಟರಿನ ಹಿಂದೆ ಇಳಿದು, ರಬ್ಬರ್ ಬ್ಯಾಂಡು ಸುತ್ತಿಸಿಕೊಂಡು ಮೊಳೆಯೊಂದಕ್ಕೆ ನೇತುಬಿದ್ದಿತ್ತು.

"ಅಮ್ಮ, ಇನ್ನೊಂದು ಸಲ ಮಾಡು. ಹಿಂದಿಂದು ಶೇಕ್ ಆಯ್ತು." ಭವಿತ್ ಹತ್ತಿರ ಬಂದಿದ್ದ. ಅವನ ಕಣ್ಣಿನಲ್ಲಿ ಅವಳು ಎಂದೂ ಕಾಣದ ಬೆಳಕಿತ್ತು. "ನಿಂಗೆ ಇದೆಲ್ಲ ಇನ್ನೂ ನೆನಪುಂಟಾ?"

ಅವಳು ಹಾರಿಸ್‌ನ ಮುಖ ನೋಡಿದಳು. ಹಾರಿಸ್ ಅನಾನಸಿನ ಮುಖ ನೋಡಿದ.

"ಉಂಟು," ಎಂದಳು.

ಆಮೇಲೆ ಅದೊಂದು ಕಷ್ಟದ ಕೆಲಸವೇ ಅಲ್ಲ. ಖಾಲಿ ಪರದೆ ಎಷ್ಟು ಹೊತ್ತು ಖಾಲಿಯಿರುತ್ತದೆಂದು ಒಮ್ಮೆ ಅಂದಾಜು ಸಿಕ್ಕರೆ ಸಾಕು. ಪರದೆಯಲ್ಲಿ ಡಿ ಬರುವಾಗ ಬೆರಳು ಡಿಯ ಮೇಲೆ. ಐ ಬರುವಾಗ ಐಯ ಮೇಲೆ. ಸ್ವಲ್ಪ ಹೊತ್ತಿನಲ್ಲಿ ಅವಳು ಎಷ್ಟು ಪಳಗಿದಳೆಂದರೆ ಯಾರು ಹೇಳಿದರು, ಯಾರು ಕೇಳಿದರು ಎಂಬುದು ಅವಳಿಗೇ ಬೇರ್ಪಡಿಸಿ ನೋಡಲಾಗಲಿಲ್ಲ. ಜನ ಸಾಲಾಗಿ ಬಂದು ಅವಳ ಭುಜದ ಪಕ್ಕ ಮುಖವಿಟ್ಟು ಫೋಟೊ ತೆಗೆಸಿಕೊಂಡರು. ಸಾರಮ್ಮ ಎದ್ದುಬಂದು, "ಪಾಪ, ನಿಮ್ಮ ಕೈ ಸೋತಿರ್ಬಹುದು," ಎಂದರು. ಆ ಅಂಗಡಿಯಲ್ಲಿ ಯಂತ್ರದ ಕಡೆ ನೋಡದೆ ಅವಳ ಕಡೆ ನೋಡಿದವರು ಅವರೊಬ್ಬರೇ.

ಹೊರಗೆ ಬಿಸಿಲು ಏರಿತ್ತು. ಮೆಟ್ಟಿಲ ಮೇಲಿನ ಚಪ್ಪಲಿಗಳು ಒಂದರ ಮೇಲೊಂದು ಹತ್ತಿ ರಾಶಿಯಾಗಿದ್ದವು. ಅವಳವು ಅಲ್ಲಿರಲಿಲ್ಲ. ಯಾರೋ ಮೆಟ್ಟಿಕೊಂಡು ಹೋಗಿದ್ದರು.

"ಯಾವುದಮ್ಮ ನಿಂದು?" ತಲೆ ಎತ್ತದೆ ಭವಿತ್ ಕೇಳಿದ. ಅವನ ಫೋನಿನಲ್ಲಿ ಅವಳದೇ ವಿಡಿಯೊ ಓಡುತ್ತಿತ್ತು. ಪುಟ್ಟ ಪಂಕಜಾಕ್ಷಿ ಒತ್ತುತ್ತಿದ್ದಳು, ಪುಟ್ಟ ಜಲಪಾತ ಸುರಿಯುತ್ತಿತ್ತು.

ಕಾಲಿಗೆ ಸಿಕ್ಕಿದ ಎರಡನ್ನು ಅವಳು ಮೆಟ್ಟಿಕೊಂಡಳು. ಎರಡೂ ಎಡಗಾಲಿನವು.

"ಇದೇ," ಎಂದಳು. ಎರಡು ಹೆಜ್ಜೆ ನಡೆದು ನಿಂತಳು. "ಭವಿತ್, ಆ ಮೆಷಿನಿನ ಒಳಗೆ ಎಂತದೂ ಇರ್ಲಿಲ್ಲ. ಗೊತ್ತುಂಟಾ?"

"ಹ್ಞೂಂ."

"ನನ್ನ ಎರಡೂ ಚಪ್ಪಲಿ ಎಡದ್ದು."

"ಹ್ಞೂಂ."

ಬಸ್ಸೊಂದು ಹಾರ್ನ್ ಹೊಡೆಯುತ್ತ ಸುಬ್ರಹ್ಮಣ್ಯದ ಕಡೆ ತಿರುಗಿತು. ಧೂಳು ಅಡಗುವವರೆಗೆ ಅವಳು ಕಾದಳು. ಆಮೇಲೆ ಸ್ಪಷ್ಟವಾಗಿ, ಮಹಡಿಯ ಮೇಲಿನ ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆ, ಹೇಳಿದಳು:

"ನಂಗೆ ತಲೆಯಲ್ಲಿ ಎರಡು ಕೋಡು ಬಂದಿದೆ."

"ಹ್ಞೂಂ," ಎಂದು ಭವಿತ್ ಕಾರಿನ ಕಡೆ ನಡೆದ.

ರಸ್ತೆಯ ಬದಿಯಲ್ಲಿ, ಒಂದೇ ಕಡೆಗೆ ವಾಲಿದ ಎರಡು ಪಾದಗಳ ಮೇಲೆ ನಿಂತು, ಪಂಕಜಾಕ್ಷಿ ಮೆಲ್ಲಗೆ ಕೈ ಎತ್ತಿ ಹಣೆಯ ಮೇಲ್ಭಾಗವನ್ನು ತಡವಿ ನೋಡಿಕೊಂಡಳು.