ಮಾರಿಸೋಲ್ ಕಲಿತ ‘ಲೀವ್’

ಡ್ರೈಯರಿನಿಂದ ಆಗಷ್ಟೇ ತೆಗೆದ ಬಟ್ಟೆಗಳು ಸೋಫಾದ ತುಂಬ ಬೆಚ್ಚಗೆ ಹರಡಿದ್ದವು. ಹೊರಗೆ ಪ್ಲೇನ್‌ಫೀಲ್ಡಿನ ಹಿಮ ಮಧ್ಯಾಹ್ನದ ಬೆಳಕನ್ನೆಲ್ಲ ಕುಡಿದು, ಹಾಲಿನಂಥ ಮಬ್ಬನ್ನು ಮನೆಯೊಳಕ್ಕೆ ಕಳಿಸುತ್ತಿತ್ತು. ಮಗಳ ಅಂಗಿಯೊಂದನ್ನು ಮಡಚಲು ತೊಡೆಯ ಮೇಲಿಟ್ಟುಕೊಂಡ ನೀಲಾಂಬಿಕಾ ಹಾಗೇ ಕೂತುಬಿಟ್ಟಿದ್ದಳು. ಇದು ಮಾರಿಸೋಲ್ ಬರುವ ಹೊತ್ತು.

ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್ ಹೇಳಿಕೊಡಲೆಂದು ಲೈಬ್ರರಿಗೆ ಹೋದಾಗ ಸಿಕ್ಕ ಗೆಳತಿ ಅವಳು. ಡೌನರ್ಸ್ ಗ್ರೋವ್‌ನ ಕೇಕ್ ಅಂಗಡಿಯೊಂದರಲ್ಲಿ ಕೆಲಸ. ತರಗತಿ ಮುಗಿದ ಮೇಲೂ ಪಾಠ ಮುಗಿಯಲಿಲ್ಲ. ಮೆಲ್ಲಗೆ ಈ ಸೋಫಾಕ್ಕೆ ಬಂತು. ಬಟ್ಟೆ ಮಡಚುತ್ತ ಇಬ್ಬರೂ ಒಂದೊಂದೇ ಪದವನ್ನು ಒಳಹೊರಗೆ ಮಾಡಿ ನೋಡುತ್ತಿದ್ದರು. ಈಚೆಗೆ ಕೈಗೆತ್ತಿಕೊಂಡದ್ದು ‘ಲೀವ್’. ಬಾಗಿಲನ್ನು ತೆರೆದೇ ಬಿಡುವುದಕ್ಕೂ ಅದೇ, ಫೋನಿನಲ್ಲಿ ಮೆಸೇಜು ಬಿಡುವುದಕ್ಕೂ ಅದೇ, ಕೆಲಸ ಬಿಡುವುದಕ್ಕೂ ಊರು ಬಿಡುವುದಕ್ಕೂ ಅದೇ. ಮಾರಿಸೋಲಳ ಭಾಷೆಯಲ್ಲಿ ಬಿಡುವುದು ‘ದೆಹಾರ್’, ಹೊರಗೆ ಹೋಗುವುದು ‘ಸಾಲೀರ್’, ಇದ್ದಲ್ಲಿಂದ ಹೊರಟೇ ಹೋಗುವುದು ‘ಈರ್ಸೆ’.

“ಪಾಪ, ಮೂವರನ್ನೂ ಇಂಗ್ಲಿಷಿನವರು ಒಂದೇ ಕೋಣೆಯಲ್ಲಿ ಮಲಗಿಸಿದಾರೆ,” ಎಂದು ಅವಳು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿ ನಕ್ಕಿದ್ದಳು.

ಆ ಪದ ಅವಳಿಗೆ ಬೇಕಾಗಿತ್ತು. ಡೆಟ್ರಾಯಿಟಿನಲ್ಲಿರುವ ಮಗಳು ತುಂಬು ಬಸುರಿ. ಅಲ್ಲಿನ ಬೇಕರಿಯೊಂದು ಕೆಲಸ ಕೊಡುತ್ತೇನೆಂದಿತ್ತು. ಇಲ್ಲಿಯ ಅಂಗಡಿಯ ಯಜಮಾನಿಗೆ ಹೇಗೆ ಹೇಳುವುದು ಎಂದು ಅವಳು ಕೇಳಿದಾಗ ‘ಲೀವಿಂಗ್’ ಅನ್ನಲು ನೀಲಾಂಬಿಕಾಳಿಗೆ ಬಾಯಿ ಬರಲಿಲ್ಲ. ಅವಳ ಗದಗಿನ ಮನೆಯಲ್ಲಿ ಹೊಸ್ತಿಲ ಮೇಲೆ ನಿಂತು ‘ಹೋಗ್ತೀನಿ’ ಎಂದವರು ಯಾರೂ ಇರಲಿಲ್ಲ. ಪೇಟೆಗೆ ಹೊರಟವರೂ ‘ಹೋಗಿ ಬರ್ತೀನಿ’ ಅನ್ನಬೇಕು. ಹಾಗಾಗಿ ಅದನ್ನೇ ಇಂಗ್ಲಿಷಿಗೆ ತಂದು, “ಐ ವಿಲ್ ಗೋ ಅಂಡ್ ಕಮ್ ಅನ್ನು,” ಎಂದು ಕಲಿಸಿದಳು. ಮಾರಿಸೋಲ್ ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದಳು.

ಇವತ್ತು ಬಂದವಳು ಬೂಟಿನ ಹಿಮ ಕೊಡವದೆ ಫೋನು ಮುಂದೆ ಹಿಡಿದಳು. ಡೆಟ್ರಾಯಿಟಿನ ಬೇಕರಿಯವನ ಮೆಸೇಜು: ‘ನಿಮ್ಮ ಯಜಮಾನಿಗೆ ಫೋನ್ ಮಾಡಿದ್ದೆ. ನೀವು ಸ್ವಲ್ಪ ದಿನಕ್ಕೆ ಬಂದು ವಾಪಸು ಹೋಗುತ್ತೀರಂತೆ. ನನಗೆ ಇಲ್ಲೇ ಇರುವವರು ಬೇಕು. ಸಂಜೆಯೊಳಗೆ ತಿಳಿಸಿ.’

ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ವಿವೇಕ ಕಾಫಿಗೆಂದು ಕೆಳಗಿಳಿದು ಬಂದು ಇಬ್ಬರ ಮುಖ ನೋಡಿದ.

“ಏನ್ ಕಲಿಸೀದಿ ಆಕಿಗೆ?”

“ಹೋಗಿ ಬರ್ತೀನಿ ಅಂತ ಹೇಳಾಕ.”

“ಕೆಲಸಾ ಬಿಡೋ ಮುಂದ?”

“ಮತ್ತೇನು, ಹೋಗ್ತೀನಿ ಅಂತ ಹೇಳಿಸ್ಲೇನು?”

“ಚಲೋ ಆತು. ಆಕಿ ಜಾಗಾದಾಗ ಟವೆಲ್ ಹಾಕಿ ಸೀಟ್ ಹಿಡದಿಟ್ಟಾರ ಬಿಡು.”

ಹೋಮ್‌ವರ್ಕಿನಿಂದ ತಲೆ ಎತ್ತದೆ ಮಗಳು ಚೇತನಾ ಅಂದಳು, “ಮಾಮ್, ಜಸ್ಟ್ ಸೇ ಐ ಆಮ್ ಲೀವಿಂಗ್. ಇಟ್ಸ್ ನಾಟ್ ರೂಡ್.”

ನೀಲಾಂಬಿಕಾ ಕಾರಿನ ಕೀಲಿ ತೆಗೆದುಕೊಂಡಳು.

ದಾರಿಯುದ್ದಕ್ಕೂ ಹೊಲಗಳು ಬೆಳ್ಳಗೆ ನಿದ್ದೆ ಹೋಗಿದ್ದವು. ಕಾರು ಚಲಿಸುತ್ತಿದೆಯೋ, ಮರಗಳೇ ಹಿಂದಕ್ಕೆ ತೇಲುತ್ತಿವೆಯೋ ತಿಳಿಯುತ್ತಿರಲಿಲ್ಲ.

“ನೀನು ಒಂದ್ಸಲ ಹೇಳು, ನೀಲಾ. ನಾನು ಹಾಗೇ ಹೇಳ್ತೀನಿ,” ಎಂದಳು ಮಾರಿಸೋಲ್.

ನೀಲಾಂಬಿಕಾ ಕಾರಿನ ವೇಗ ತಗ್ಗಿಸಿದಳು. ‘ಹೋಗಿ ಬರ್ತೀನಿ’ ಅನ್ನುವುದು ಊರಿನ ರೂಢಿ, ನಿಜ. ಆದರೆ ಆ ಮಾತನ್ನು ಕಲಿಸುವಾಗ ತನ್ನ ಜೀವಕ್ಕೆ ಎಷ್ಟು ಹಿತವಾಗಿತ್ತೆಂಬುದು ಈಗ ನೆನಪಾಯಿತು. ಮಾರಿಸೋಲ್ ‘ಅಂಡ್ ಕಮ್’ ಎಂದಾಗಲೆಲ್ಲ ಅವಳು ಡೆಟ್ರಾಯಿಟಿನಿಂದ ಆಗಲೇ ತಿರುಗಿ ಬಂದು ಸೋಫಾದ ತುದಿಯಲ್ಲಿ ಕೂತಂತೆ ಆಗುತ್ತಿತ್ತು.

“ಐ ಆಮ್ ಲೀವಿಂಗ್,” ಎಂದಳು. ದನಿ ಬೇರೆ ಯಾರದೋ ಅನ್ನಿಸಿತು.

“ಐ ಆಮ್ ಲೀವಿಂಗ್,” ಎಂದಳು ಮಾರಿಸೋಲ್.

“ಇನ್ನೂ ಗಟ್ಟಿಯಾಗಿ. ಆಮೇಲೆ ನಗಬೇಡ. ನಕ್ಕರೆ ಅವರಿಗೆ ನಂಬಿಕೆ ಬರಲ್ಲ.”

ಅಂಗಡಿಯ ಮುಂದೆ ಕಾರು ನಿಲ್ಲಿಸಿ ನೀಲಾಂಬಿಕಾ ಒಳಗೇ ಉಳಿದಳು. ಗಾಜಿನಾಚೆ ಎಲ್ಲವೂ ನೀರಿನಡಿಯ ಚಿತ್ರದಂತೆ ಕಾಣುತ್ತಿತ್ತು: ಗುಲಾಬಿ ಬಣ್ಣದ ಕೇಕುಗಳು, ಹಳದಿ ದೀಪ, ಹಿಟ್ಟಿನ ಕೈಯ ಮುದುಕಿ ಯಜಮಾನಿ. ಮಾರಿಸೋಲಳ ತುಟಿ ಆಡಿತು.  ಮುದುಕಿ ಕೈ ಒರೆಸಿಕೊಳ್ಳದೆಯೇ ನಿಧಾನವಾಗಿ ಕೌಂಟರನ್ನು ಸುತ್ತಿಬಂದು ಅವಳನ್ನು ಅಪ್ಪಿಕೊಂಡಳು. ಬಹಳ ಹೊತ್ತಾದ ಮೇಲೆ ಫೋನು ಕೈಗೆತ್ತಿಕೊಂಡಳು.

ಮಾರಿಸೋಲ್ ಹೊರಗೆ ಬಂದಾಗ ಅವಳ ಕಪ್ಪು ಕೋಟಿನ ಬೆನ್ನ ಮೇಲೆ ಎರಡು ಬಿಳಿ ಅಂಗೈಗಳು ಮೂಡಿದ್ದವು.

“ಅವರೇ ಬೇಕರಿಯವನ ಹತ್ತಿರ ಮಾತಾಡಿದರು. ಕೆಲಸ ನನಗೇ ಅಂತೆ,” ಎಂದಳು. “ಭಾನುವಾರ ಹೊರಡ್ತೀನಿ.”

“ಬಹಳ ಒಳ್ಳೇದಾಯ್ತು,” ಎಂದಳು ನೀಲಾಂಬಿಕಾ. ಮನಸಾರೆಯೇ ಅಂದಳು.

ಹೆದ್ದಾರಿಯಲ್ಲಿ ಬೆಳಕು ನೀಲಿಗೆ ತಿರುಗುತ್ತಿತ್ತು. ಮಾರಿಸೋಲ್ ಹುಟ್ಟಲಿರುವ ಮಗುವಿಗೆ ಹೆಸರು ಹುಡುಕುತ್ತಿದ್ದಳು. ಮನೆಗೆ ತಿರುಗಬೇಕಾದ ಪ್ಲೇನ್‌ಫೀಲ್ಡಿನ ಎಕ್ಸಿಟ್ ಬಂತು; ನೀಲಾಂಬಿಕಾ ಕಾರು ತಿರುಗಿಸಲಿಲ್ಲ, ಅದು ಬಲಗಡೆಯಿಂದ ಜಾರಿ ಹಿಂದೆ ಹೋಯಿತು. ಮಾರಿಸೋಲ್ ಮಾತು ನಿಲ್ಲಿಸಿ ಬೋರ್ಡಿನತ್ತ ತಿರುಗಿ ನೋಡಿದಳು, ನಂತರ ಗೆಳತಿಯ ಮುಖ ನೋಡಿದಳು. ಸೀಟಿಗೆ ಒರಗಿ, ಮತ್ತೊಂದು ಹೆಸರು ಹೇಳಿದಳು.